ಅಕ್ಷಿಪಟದ ದಪ್ಪ

ಹೋದ ವರ್ಷ ಆಷಾಢದಲ್ಲಿ ಒಂದು ಸಂಜೆ ನಮ್ಮ ತಂದೆಯವರು ಕೆಲಸದಿಂದ ಬಂದವರು, ಕೈಕಾಲು ತೊಳೆಯುವುದಕ್ಕೆ ಮೊದಲೇ ನಡುಮನೆಯ ಕಿಟಕಿಯ ಮುಂದೆ ನಿಂತು, ಒಮ್ಮೆ ಬಲಗಣ್ಣನ್ನೂ ಒಮ್ಮೆ ಎಡಗಣ್ಣನ್ನೂ ಅಂಗೈಯಿಂದ ಮುಚ್ಚಿ ನೋಡುತ್ತಿದ್ದರು. ಏನೆಂದು ಕೇಳಿದೆ. "ಈ ಕಿಟಕಿ ಸರಳು ಯಾವಾಗ ಬಗ್ಗಿತೋ?" ಎಂದು ನನ್ನನ್ನೇ ಕೇಳಿದರು. ಸರಳು ಬಗ್ಗಿರಲಿಲ್ಲ. ಅವರು ಮೂವತ್ತು ವರ್ಷಗಳಿಂದ ರೇಷ್ಮೆಯ ಮಗ್ಗದ ಮುಂದೆ ನಿಂತವರು. ಹಾಸಿನಲ್ಲಿ ಒಂದು ಎಳೆ ಹರಿದರೆ ಹತ್ತು ಮಾರು ದೂರದಿಂದ ಕಂಡುಹಿಡಿಯುವವರು. ಹದಿನೈದು ದಿನಗಳಿಂದ ಸೀರೆಯ ಅಂಚಿನ ಗೆರೆ ನಡುವೆ ಅಲೆಯಾಡಿದಂತೆ ಕಾಣುತ್ತಿದೆಯೆಂದೂ, ಅದು ಜರಿಯ ತಪ್ಪೆಂದು ತಾವು ಎಣಿಸಿದ್ದಾಗಿಯೂ ಆಮೇಲೆ ಹೇಳಿದರು. ಅವರಿಗೆ ಸಕ್ಕರೆ ಖಾಯಿಲೆ ಬಂದು ಹನ್ನೆರಡು ವರ್ಷವಾಗಿದೆ.

ಮೊದಲು ಕನ್ನಡಕದ ಅಂಗಡಿಗೆ ಹೋದದ್ದು, ಎರಡು ಸಲ ಗಾಜು ಬದಲಾಯಿಸಿದ್ದು, ಅದರಿಂದ ಕೈಯಿಂದ ಹಣ ಹೋದದ್ದು ಹೊರತು ಬೇರೇನೂ ಆಗದಿದ್ದದ್ದು - ಇವನ್ನು ವಿಸ್ತರಿಸುವುದು ಬೇಡ. ಕೊನೆಗೆ ನಗರದ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಕಣ್ಣಿಗೆ ತೊಟ್ಟು ಔಷಧ ಹಾಕಿ, ಒಂದು ಯಂತ್ರದ ಮುಂದೆ ಗಲ್ಲವಿಟ್ಟು ಕೂರಿಸಿ, ನೋಡನೋಡುತ್ತಿದ್ದಂತೆಯೇ "ಆಯಿತು, ಏಳಿ" ಎಂದರು. ಸ್ವಲ್ಪ ಹೊತ್ತಿನಲ್ಲಿ ಒಂದು ಹಾಳೆ ಬಂದಿತು. ಅದರಲ್ಲಿ ಒಂದೊಂದು ಕಣ್ಣಿಗೆ ಒಂದೊಂದು ಚಕ್ರ, ಚಕ್ರದಲ್ಲಿ ಒಂಬತ್ತು ಮನೆ, ಮನೆಗೊಂದು ಅಂಕಿ. ಎಡಗಣ್ಣಿನ ಚಕ್ರದ ನಡುಮನೆಯಲ್ಲಿ ೪೧೨ ಎಂದಿತ್ತು. ಅದರ ಸುತ್ತ ಕೆಂಪು ಬಣ್ಣ. ಬಲಗಣ್ಣಿನದರಲ್ಲಿ ೨೯೮.

"ಅಕ್ಷಿಪಟ ದಪ್ಪವಾಗಿದೆ, ಯಜಮಾನರೇ. ನೀರು ತುಂಬಿಕೊಂಡಿದೆ. ಇನ್ನೂರೈವತ್ತು, ಇನ್ನೂರ ಅರವತ್ತರ ಆಸುಪಾಸಿನಲ್ಲಿರಬೇಕಾದ್ದು" ಎಂದರು ಡಾಕ್ಟರಮ್ಮ.

ನಮ್ಮ ತಂದೆಯವರು ಅಲ್ಲಿ ಏನೂ ಮಾತನಾಡಲಿಲ್ಲ. ಬಸ್ಸಿಗೆ ಕಾಯುತ್ತಿದ್ದಾಗ ಇದ್ದಕ್ಕಿದ್ದಂತೆ, "ಇನ್ನೂರ ಅರವತ್ತು ಅಂತ ಯಾರು ಹೇಳಿದರಂತೆ? ಯಾರ ಕಣ್ಣು ಅಳೆದು ಹೇಳಿದರಂತೆ?" ಎಂದರು.

ನಾನು ಚರಿತ್ರೆಯ ವಿದ್ಯಾರ್ಥಿ. ಒಂದು ಶಾಸನವನ್ನು ಮುಂದಿಟ್ಟರೆ ಇದನ್ನು ಯಾರು ಬರೆಸಿದರು, ಯಾವಾಗ ಬರೆಸಿದರು ಎಂದು ಮೊದಲು ಕೇಳಬೇಕೆಂದು ನಮ್ಮ ಅಧ್ಯಾಪಕರು ಮೂರು ವರ್ಷದಿಂದ ಹೇಳಿಕೊಟ್ಟಿದ್ದಾರೆ. ಆದರೂ ಆಸ್ಪತ್ರೆಯ ಹಾಳೆಯನ್ನು ಕೈಗೆ ಕೊಟ್ಟಾಗ ಆ ಪ್ರಶ್ನೆ ನನಗೆ ಹೊಳೆಯಲಿಲ್ಲ; ಮಗ್ಗದ ಮನೆಯವರಿಗೆ ಹೊಳೆಯಿತು. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ತಿಳಿದುಕೊಂಡದ್ದನ್ನು ಈ ಲೇಖನದಲ್ಲಿ ಬರೆದಿದ್ದೇನೆ. ಡಾಕ್ಟರಮ್ಮನವರ ಸಹನೆಯೂ, ಯುವರಾಜ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿರುವ ಒಬ್ಬ ಗೆಳೆಯನ ಸಹಾಯವೂ ಇಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ತಪ್ಪುಗಳಿದ್ದರೆ ಅವು ನನ್ನವು.

ಕಣ್ಣನ್ನು ಕ್ಯಾಮರಾಕ್ಕೆ ಹೋಲಿಸುವುದು ವಾಡಿಕೆ. ಮುಂದೆ ಮಸೂರ, ಹಿಂದೆ ಚಿತ್ರ ಬೀಳುವ ತೆರೆ. ಆ ತೆರೆಯೇ ಅಕ್ಷಿಪಟ. ಹೋಲಿಕೆ ಇಲ್ಲಿಯವರೆಗೆ ಸರಿ. ಆದರೆ ಈ ತೆರೆ ಸಿನಿಮಾ ಪರದೆಯಂತೆ ಒಂದು ಬಟ್ಟೆಯಲ್ಲ. ಹತ್ತು ಪದರಗಳುಳ್ಳ, ಹೆಚ್ಚುಕಡಮೆ ಗಾಜಿನಷ್ಟು ಪಾರದರ್ಶಕವಾದ ನರಗಳ ಹೆಣಿಗೆ. ವಿಚಿತ್ರವೆಂದರೆ ಬೆಳಕನ್ನು ಹಿಡಿಯುವ ಕಣಗಳು ಮುಂದಿಲ್ಲ, ಹಿಂದಿವೆ. ಬೆಳಕು ಉಳಿದೆಲ್ಲ ಪದರಗಳನ್ನೂ ದಾಟಿ ಹೋಗಿ ಅವನ್ನು ಮುಟ್ಟಬೇಕು. ನಾವು ಓದುವಾಗ, ಸೂಜಿಗೆ ದಾರ ಪೋಣಿಸುವಾಗ, ಮುಖದ ಗುರುತು ಹಿಡಿಯುವಾಗ ಉಪಯೋಗಿಸುವುದು ಈ ತೆರೆಯ ನಡುವಿನ ಒಂದು ಸಣ್ಣ ಜಾಗವನ್ನು. ಅದಕ್ಕೆ ಹಳದಿ ಚುಕ್ಕೆಯೆಂದು ಹೆಸರು. ಅದರ ನಟ್ಟನಡುವೆ ಒಂದು ಗುಳಿಯಿದೆ. ಅಲ್ಲಿ ಮೇಲಿನ ಪದರಗಳು ಪಕ್ಕಕ್ಕೆ ಸರಿದುಕೊಂಡು ಬೆಳಕಿಗೆ ದಾರಿ ಬಿಟ್ಟಿವೆ; ಆದ್ದರಿಂದ ಆರೋಗ್ಯವಾದ ಕಣ್ಣಿನಲ್ಲಿ ಆ ಜಾಗ ಸುತ್ತಲಿನದಕ್ಕಿಂತ ತೆಳುವು. ಗುಳಿಯ ದಂಡೆಯಲ್ಲಿ ಅಕ್ಷಿಪಟ ಬಹಳ ದಪ್ಪ. ಅಲ್ಲಿಂದ ಆಚೆಗೆ ಮತ್ತೆ ಇಳಿಯುತ್ತ ಹೋಗುತ್ತದೆ. ಮೂಗಿನ ಕಡೆಯ ಭಾಗ ಕಿವಿಯ ಕಡೆಯದಕ್ಕಿಂತ ದಪ್ಪ. ಏಕೆಂದರೆ ಹಳದಿ ಚುಕ್ಕೆಯಿಂದ ಹೊರಟ ನರದ ಎಳೆಗಳೆಲ್ಲ ಕಟ್ಟು ಕಟ್ಟಾಗಿ ಮೂಗಿನ ಕಡೆಗಿರುವ ನರದ ಬಾಗಿಲಿಗೇ ಹೋಗಬೇಕು.

ಈ ದಪ್ಪವನ್ನು ಅಳೆಯುವ ಮಾನ ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇನ್ನೂರ ಅರವತ್ತು ಮೈಕ್ರಾನು ಎಂದರೆ ಕಾಲು ಮಿಲಿಮೀಟರಿಗೆ ಚೂರು ಹೆಚ್ಚು. ನಮ್ಮ ನೋಟ್‌ಪುಸ್ತಕದ ಎರಡೂವರೆ ಹಾಳೆ ಒಂದರ ಮೇಲೊಂದಿಟ್ಟಷ್ಟು. ಲೋಕವನ್ನೆಲ್ಲ ನಾವು ನೋಡುವುದು ಎರಡೂವರೆ ಹಾಳೆಯಲ್ಲಿ!

ಸಕ್ಕರೆ ಖಾಯಿಲೆ ಬಹುಕಾಲ ಇದ್ದರೆ ಅಕ್ಷಿಪಟದ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರಿನಂಶ ಜಿನುಗಿ ಪದರಗಳ ನಡುವೆ ನಿಲ್ಲುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ನೀರು ಕುಡಿದು ಉಬ್ಬುವಂತೆ ಅಕ್ಷಿಪಟವೂ ಉಬ್ಬುತ್ತದೆ. ಗುಳಿ ಇರಬೇಕಾದ ಕಡೆ ದಿಬ್ಬ ಏಳುತ್ತದೆ. ಬೆಳಕು ಹಿಡಿಯುವ ಕಣಗಳ ಸಾಲು ಸ್ಥಳಪಲ್ಲಟವಾದಾಗ ನೆಟ್ಟಗಿನ ಗೆರೆ ಡೊಂಕಾಗಿ ತೋರುತ್ತದೆ. ನಮ್ಮ ಕಿಟಕಿಯ ಸರಳು ಬಗ್ಗಿದ್ದು ಹೀಗೆ. ಭಾರತದಲ್ಲಿ ೧೦.೧ ಕೋಟಿ ಜನಕ್ಕೆ ಈ ಖಾಯಿಲೆಯಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ ಹೇಳುತ್ತದೆ. ಅವರೆಲ್ಲರ ಕಣ್ಣಿಗೂ ಹೀಗಾಗುವುದಿಲ್ಲ. ಆದರೆ ಯಾರಿಗಾಗಿದೆ, ಯಾರಿಗಿಲ್ಲ ಎಂಬುದನ್ನು ನೋಡಿದ ಹೊರತು ತಿಳಿಯಲಾಗದು.

ನಮ್ಮ ಅಜ್ಜಿಯ ಕಾಲಕ್ಕೆ ಕಣ್ಣಿನ ಖಾಯಿಲೆಯೆಂದರೆ ಪೊರೆ. ಡಾ. ಎಂ. ಸಿ. ಮೋದಿಯವರು (೧೯೧೬-೨೦೦೫) ಊರೂರಿಗೆ ಹೋಗಿ ಶಿಬಿರ ಹೂಡಿ ಸಾವಿರಾರು ಮಂದಿಯ ಪೊರೆ ತೆಗೆದದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಪೊರೆ ಕಣ್ಣಿನ ಮುಂಭಾಗದ ರೋಗ. ಬ್ಯಾಟರಿ ಬೆಳಕಿನಲ್ಲಿ ಪಾಪೆ ಬೆಳ್ಳಗೆ ಕಾಣುತ್ತದೆ. ಹಿಂಭಾಗದ ಅಕ್ಷಿಪಟದ ಮಾತು ಹಾಗಲ್ಲ. ೧೮೫೧ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತನ್ನ ನೇತ್ರದರ್ಶಕವನ್ನು ಪ್ರಕಟಿಸುವವರೆಗೆ ಬದುಕಿರುವ ಮನುಷ್ಯನ ಅಕ್ಷಿಪಟವನ್ನು ಸ್ಪಷ್ಟವಾಗಿ ಕಂಡವರೇ ಇರಲಿಲ್ಲವೆನ್ನಬಹುದು. ಅದರಲ್ಲಿಯೂ ಕಂಡದ್ದು ಮೇಲ್ಮೈ. ಮೇಲಿನಿಂದ ಕೆರೆಯನ್ನು ನೋಡಿದವನಿಗೆ ಆಳ ತಿಳಿಯುವುದುಂಟೆ? ನುರಿತ ವೈದ್ಯರು ಎರಡು ಕಣ್ಣಿನಿಂದ ದೀಪದ ಸೀಳು ಹಾಯಿಸಿ ನೋಡಿ "ಉಬ್ಬಿದೆ" ಎನ್ನಬಲ್ಲವರಾದರು. ಎಷ್ಟು ಉಬ್ಬಿದೆ ಎಂಬುದಕ್ಕೆ ಅಂಕಿ ಇರಲಿಲ್ಲ. ಸತ್ತವರ ಕಣ್ಣನ್ನು ತೆಗೆದು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ಅಳೆಯುವುದೇನೋ ಇತ್ತು. ಆದರೆ ಪ್ರಾಣ ಹೋದ ಮೇಲೆ, ಔಷಧದಲ್ಲಿ ಅದ್ದಿದ ಮೇಲೆ, ಅಂಗಾಂಶ ಮೊದಲಿನ ಅಳತೆಯಲ್ಲಿ ಉಳಿಯುವುದಿಲ್ಲ. ಅಲ್ಲದೆ ಮುಂದಿನ ತಿಂಗಳು ಅದೇ ಕಣ್ಣನ್ನು ಮತ್ತೊಮ್ಮೆ ಅಳೆಯುವ ಮಾತಂತೂ ಇಲ್ಲ.

ಹಾಗಾದರೆ ಬದುಕಿರುವ ಕಣ್ಣಿನ ಒಳಗೆ, ಏನನ್ನೂ ಮುಟ್ಟದೆ, ಎರಡೂವರೆ ಹಾಳೆಯ ದಪ್ಪವನ್ನು ಅಳೆಯುವುದು ಹೇಗೆ? ಬೆಟ್ಟದ ಎದುರು ನಿಂತು ಕೂಗಿದರೆ ಪ್ರತಿಧ್ವನಿ ಬರುವ ಹೊತ್ತನ್ನು ನೋಡಿ ದೂರ ಹೇಳಬಹುದು. ಅಕ್ಷಿಪಟದ ಒಂದೊಂದು ಪದರವೂ ಬೆಳಕಿನ ಅತ್ಯಲ್ಪ ಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ. ಇದೂ ಒಂದು ಪ್ರತಿಧ್ವನಿಯೇ. ತೊಡಕಿರುವುದು ಬೆಳಕಿನ ವೇಗದಲ್ಲಿ. ಅದು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುತ್ತದೆ. ಹತ್ತು ಮೈಕ್ರಾನು ಆಳಕ್ಕೆ ಹೋಗಿ ಬರಲು ಅದಕ್ಕೆ ಬೇಕಾದ ಕಾಲ, ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹದಿನೈದು ಮಾಡಿದರೆ ಸಿಕ್ಕುವ ಚೂರು. ಅಷ್ಟನ್ನು ನೇರವಾಗಿ ಎಣಿಸುವ ಗಡಿಯಾರವಿಲ್ಲ.

ಗಡಿಯಾರವಿಲ್ಲದೆ ಹೊತ್ತನ್ನು ಅಳೆಯುವ ಉಪಾಯ ಹಳೆಯದು. ಕುಕ್ಕರಹಳ್ಳಿ ಕೆರೆಯಲ್ಲಿ ಅಕ್ಕಪಕ್ಕ ಎರಡು ಕಲ್ಲು ಹಾಕಿ ನೋಡಿ. ಎರಡು ಬಳೆ ಅಲೆಗಳು ಒಂದನ್ನೊಂದು ದಾಟುವಲ್ಲಿ ಕೆಲವು ಕಡೆ ನೀರು ಎರಡರಷ್ಟು ಏಳುತ್ತದೆ, ಕೆಲವು ಕಡೆ ಸುಮ್ಮನಾಗುತ್ತದೆ. ಇದಕ್ಕೆ ವ್ಯತಿಕರಣವೆಂದು ಹೆಸರು. ಬೆಳಕಿನ ಅಲೆಗಳಿಗೂ ಇದು ಉಂಟು. ಒಂದು ಕಿರಣವನ್ನು ಎರಡಾಗಿ ಸೀಳಿ, ಎರಡು ದಾರಿಯಲ್ಲಿ ಕಳುಹಿಸಿ, ಮತ್ತೆ ಕೂಡಿಸಿ, ದಾರಿಗಳ ವ್ಯತ್ಯಾಸವನ್ನು ಗೆರೆಗಳಲ್ಲಿ ಓದುವ ಯಂತ್ರವನ್ನು ಅಮೆರಿಕದ ಮೈಕೆಲ್‌ಸನ್ ಕಟ್ಟಿದ. ಅವನೂ ಮಾರ್ಲಿಯೂ ೧೮೮೭ರಲ್ಲಿ ನಡೆಸಿದ ಪ್ರಯೋಗ ಪ್ರಸಿದ್ಧವಾದದ್ದು. ಕಣ್ಣಿನ ಯಂತ್ರದಲ್ಲಿ ಒಂದು ಸೀಳನ್ನು ಕಣ್ಣಿಗೂ ಇನ್ನೊಂದನ್ನು ಒಂದು ಕನ್ನಡಿಗೂ ಕಳುಹಿಸುತ್ತಾರೆ. ಕನ್ನಡಿ ಎಷ್ಟು ದೂರದಲ್ಲಿದೆಯೆಂಬುದು ನಮಗೆ ಗೊತ್ತು. ಕನ್ನಡಿಯಿಂದ ಬಂದ ಬೆಳಕೂ ಕಣ್ಣಿನ ಯಾವುದೋ ಪದರದಿಂದ ಬಂದ ಬೆಳಕೂ ಸರಿಸಮನಾದ ದೂರ ನಡೆದು ಬಂದಿದ್ದರೆ ಎರಡೂ ಹೊಂದಿಕೊಳ್ಳುತ್ತವೆ. ಹೊಂದಿಕೊಂಡದ್ದು ಕಂಡಿತೆಂದರೆ ಆ ಪದರದ ದೂರ ಸಿಕ್ಕಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ದಸರಾ ಮೆರವಣಿಗೆಯಲ್ಲಿ ಪೋಲೀಸಿನವರ ದಳ ಹೋಗುವುದನ್ನು ನೋಡಿದ್ದೀರಷ್ಟೆ. ಎಲ್ಲರದೂ ಒಂದೇ ಅಳತೆಯ ಹೆಜ್ಜೆ. ಅರಮನೆಯಿಂದ ಬನ್ನಿಮಂಟಪದವರೆಗೂ ಕಾಲು ತಪ್ಪುವುದಿಲ್ಲ. ನೋಡಲು ಬಂದ ನಮ್ಮಂಥವರು ಹತ್ತು ಮಂದಿ ಒಟ್ಟಿಗೆ ಹೆಜ್ಜೆ ಎತ್ತಿದರೆ, ಒಬ್ಬರದು ಉದ್ದ ಹೆಜ್ಜೆ, ಒಬ್ಬರದು ಗಿಡ್ಡ ಹೆಜ್ಜೆಯಾಗಿ ನಾಲ್ಕು ಗಜದೊಳಗೆ ತಾಳ ಕೆಡುತ್ತದೆ. ಲೇಸರಿನ ಒಂದೇ ಬಣ್ಣದ ಬೆಳಕು ಪೋಲೀಸು ದಳದಂತೆ: ಬಹು ದೂರದವರೆಗೆ ಎಲ್ಲಿ ಕೂಡಿಸಿದರೂ ಹೊಂದಿಕೊಂಡಂತೆಯೇ ಕಾಣುವುದರಿಂದ ಅದು ಈ ಅಳತೆಗೆ ನಿರುಪಯೋಗಿ. ಅನೇಕ ಬಣ್ಣಗಳು ಬೆರೆತ ಬೆಳಕು ನಮ್ಮ ಗುಂಪಿನಂತೆ: ಎರಡು ದಾರಿ ಸರಿಸಮನಾದಾಗ ಮಾತ್ರ ತಾಳ ಕೂಡುತ್ತದೆ, ಕೆಲವು ಮೈಕ್ರಾನು ಆಚೀಚೆಯಾದರೆ ಕೆಟ್ಟುಹೋಗುತ್ತದೆ. ಬೇಗ ತಾಳ ಕೆಡುವ ಆ ದುರ್ಗುಣವೇ ಇಲ್ಲಿ ಅಳತೆಗೋಲು. ಕಣ್ಣಿಗೆ ಹಾಯಿಸುವುದು ಕೆಂಪಿಗಿಂತ ಆಚೆಯ, ಕಣ್ಣು ಕುಕ್ಕದ ಬೆಳಕು.

ಈ ತತ್ತ್ವದಿಂದ ಅಕ್ಷಿಪಟದ ಸೀಳುಚಿತ್ರ ತೆಗೆಯಬಹುದೆಂದು ತೋರಿಸಿದ ಲೇಖನ ೧೯೯೧ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತು. ಡೇವಿಡ್ ಹುವಾಂಗ್ ಎಂಬ ವಿದ್ಯಾರ್ಥಿ, ಎರಿಕ್ ಸ್ವಾನ್‌ಸನ್ ಎಂಬ ಇಂಜಿನಿಯರು, ಜೇಮ್ಸ್ ಫ್ಯೂಜಿಮೋಟೊ ಎಂಬ ಪ್ರಾಧ್ಯಾಪಕರು ಹಾಗೂ ಅವರ ಜೊತೆಗಾರರು ಬರೆದದ್ದು. ಈ ಮೂವರಿಗೆ ೨೦೨೩ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಸಂದಿತು. ವಿಧಾನದ ಹೆಸರು ಆಪ್ಟಿಕಲ್ ಕೊಹೀರೆನ್ಸ್ ಟೊಮೋಗ್ರಫಿ, ಆಸ್ಪತ್ರೆಗಳಲ್ಲಿ ಓ.ಸಿ.ಟಿ. ಎನ್ನುತ್ತಾರೆ. ಮೊದಲ ಯಂತ್ರಗಳಲ್ಲಿ ಕನ್ನಡಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಒಂದೊಂದೇ ಆಳವನ್ನು ಹುಡುಕಬೇಕಾಗಿತ್ತು; ೨೦೦೨ರ ಹೊತ್ತಿನ ಸ್ಟ್ರಾಟಸ್ ಯಂತ್ರ ಸೆಕೆಂಡಿಗೆ ೪೦೦ ಗೆರೆ ತೆಗೆಯುತ್ತಿತ್ತು. ೨೦೦೬ರಿಂದೀಚೆಗೆ ಬಂದವು ಕನ್ನಡಿಯನ್ನು ಸರಿಸುವುದಿಲ್ಲ. ಕೂಡಿಬಂದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಹರಡುತ್ತವೆ. ಆಳದ ಪದರದ ಬೆಳಕು ಆ ಹರವಿನಲ್ಲಿ ನವಿರಾದ ಪಟ್ಟೆಗಳನ್ನೂ ಮೇಲಿನ ಪದರದ್ದು ಅಗಲವಾದ ಪಟ್ಟೆಗಳನ್ನೂ ಮೂಡಿಸುತ್ತದೆ. ಬೆರೆತ ಪಟ್ಟೆಗಳನ್ನು ಗಣಿತದಿಂದ ಬೇರ್ಪಡಿಸಿದರೆ ಎಲ್ಲ ಆಳಗಳೂ ಒಂದೇ ಏಟಿಗೆ ಸಿಕ್ಕುತ್ತವೆ. ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ಗೆರೆ, ಐದು ಮೈಕ್ರಾನಿನ ಸೂಕ್ಷ್ಮ. ಬೇರ್ಪಡಿಸುವ ಗಣಿತ ಫ್ರಾನ್ಸಿನ ಫೂರಿಯೆಯದು. ಚರಿತ್ರೆಯ ಗೆಳೆಯರಿಗೆ ಒಂದು ಮಾತು: ಈತ ನೆಪೋಲಿಯನ್ನನ ಜೊತೆ ೧೭೯೮ರಲ್ಲಿ ಈಜಿಪ್ಟಿಗೆ ಹೋಗಿದ್ದವನು. ನೆಪೋಲಿಯನ್ ನಮ್ಮ ಟೀಪುವಿಗೆ ಕಾಗದ ಬರೆದದ್ದೂ, ಅದು ಶ್ರೀರಂಗಪಟ್ಟಣ ಸೇರದೆ ಇಂಗ್ಲಿಷರ ಕೈಗೆ ಬಿದ್ದದ್ದೂ ಆ ದಂಡಯಾತ್ರೆಯ ಕಾಲದಲ್ಲೇ. ಕಾಗದ ತಲಪಲಿಲ್ಲ, ಫೂರಿಯೆಯ ಗಣಿತ ಮಾತ್ರ ಕಡೆಗೂ ನಮ್ಮೂರಿಗೆ ಬಂತು.

ಇನ್ನು ನಮ್ಮ ತಂದೆಯವರ ಪ್ರಶ್ನೆಗೆ ಬರೋಣ. ಯಂತ್ರ ದಪ್ಪವನ್ನೇನೋ ಹೇಳಿತು. ಸರಿಯಾದ ದಪ್ಪ ಇಷ್ಟೇ ಎಂದು ಯಾರು ಹೇಳಿದರು?

ಯಾರೂ ಹೇಳಿಲ್ಲ, ಆರೋಗ್ಯವಂತರನ್ನು ಅಳೆದು ನೋಡಿದ್ದಾರೆ. ಕಣ್ಣಿನಲ್ಲಿ ರೋಗವಿಲ್ಲದ, ಸಕ್ಕರೆ ಖಾಯಿಲೆ ಇಲ್ಲದ, ಶಸ್ತ್ರಚಿಕಿತ್ಸೆಯಾಗದ, ದೃಷ್ಟಿ ಚೆನ್ನಾಗಿರುವ ವಯಸ್ಕರನ್ನು ಒಬ್ಬೊಬ್ಬರಾಗಿ ಯಂತ್ರದ ಮುಂದೆ ಕೂರಿಸಿ ಅಂಕಿಗಳನ್ನು ಕಲೆಹಾಕುತ್ತಾರೆ. ಹಳದಿ ಚುಕ್ಕೆಯ ಮೇಲೆ ಒಂದು, ಮೂರು, ಆರು ಮಿಲಿಮೀಟರು ಅಡ್ಡಳತೆಯ ಮೂರು ವೃತ್ತಗಳನ್ನು ಎಳೆದು ಒಂಬತ್ತು ಮನೆ ಮಾಡಿ, ಮನೆಗೊಂದು ಸರಾಸರಿ ತೆಗೆಯುತ್ತಾರೆ. ರೋಗವಿಲ್ಲದವರನ್ನು ಅಳೆಯುವುದು ದಂಡದ ಕೆಲಸವೆಂದು ನನಗೆ ಮೊದಲು ತೋರಿತ್ತು. ಆದರೆ ರೋಗಿಯ ೪೧೨ಕ್ಕೆ ಅರ್ಥ ಬರುವುದು ಆರೋಗ್ಯವಂತರ ಅಂಕಿ ಪಕ್ಕದಲ್ಲಿದ್ದಾಗ ಮಾತ್ರ.

ಭಾರತದಲ್ಲಿ ಈ ಕೆಲಸ ನಡೆದಿದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ಆರೋಗ್ಯವಂತ ಭಾರತೀಯರ ಕಣ್ಣುಗಳನ್ನು ಅಳೆದು ೨೦೦೪ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನಡುಗುಳಿಯ ಸರಾಸರಿ ದಪ್ಪ ಸುಮಾರು ೧೪೯ ಮೈಕ್ರಾನು. ಕೊಚ್ಚಿಯ ಗಿರಿಧರ್ ಕಣ್ಣಾಸ್ಪತ್ರೆಯವರು ೨೦೧೪ರಲ್ಲಿ ಪ್ರಕಟಿಸಿದ್ದರಲ್ಲಿ ನಡುಮನೆಯ ಸರಾಸರಿ ೨೬೦. ಹತ್ತು ವರ್ಷದಲ್ಲಿ ಭಾರತೀಯರ ಅಕ್ಷಿಪಟ ನೂರು ಮೈಕ್ರಾನು ಬೆಳೆದುಬಿಟ್ಟಿತೆ? ಇಲ್ಲ. ಬೆಳೆದದ್ದು ಯಂತ್ರ. ಹಳೆಯ ಯಂತ್ರಗಳಿಗೆ ಬೆಳಕು ಹಿಡಿಯುವ ಕಣಗಳ ನಡುವಿನ ಒಂದು ಹೊಳೆಯುವ ಸಾಲೇ ಅಕ್ಷಿಪಟದ ತಳವೆಂದು ಕಾಣುತ್ತಿತ್ತು. ಅಲ್ಲಿಗೆ ಗೆರೆ ಎಳೆದುಬಿಡುತ್ತಿದ್ದವು. ಹೊಸವು ಅದಕ್ಕೂ ಕೆಳಗಿನ ಪದರವನ್ನು ಬೇರೆಯಾಗಿ ಕಂಡು ಅಲ್ಲಿಗೆ ಗೆರೆ ಎಳೆಯುತ್ತವೆ. ಅಳೆದ ಜಾಗದ ವಿಸ್ತಾರವೂ ಒಂದೇ ಅಲ್ಲ. ಬಾವಿಯ ಆಳವನ್ನು ಒಬ್ಬ ಹೂಳಿನವರೆಗೆ, ಇನ್ನೊಬ್ಬ ಬಂಡೆಯವರೆಗೆ ಅಳೆದರೆ ಇಬ್ಬರೂ ನಿಜವನ್ನೇ ಹೇಳುತ್ತಾರೆ, ಅಂಕಿ ಮಾತ್ರ ಬೇರೆ. ಒಂದು ಯಂತ್ರದ ಹಾಳೆಯನ್ನು ಇನ್ನೊಂದು ಯಂತ್ರದ ಹಾಳೆಯ ಪಕ್ಕದಲ್ಲಿಟ್ಟು "ಹೆಚ್ಚಾಗಿದೆ" ಎಂದು ಹೆದರುವವರೂ "ಕಡಮೆಯಾಗಿದೆ" ಎಂದು ಸಂತೋಷಪಡುವವರೂ ಇದನ್ನು ತಿಳಿದಿರಬೇಕು.

ಸರಾಸರಿಯ ಮಾತನ್ನು ನಾನು ಮನೆಯಲ್ಲಿ ವಿವರಿಸಲು ಹೊರಟಾಗ ನಮ್ಮ ತಂದೆಯವರೇ ನನಗೆ ಪಾಠ ಹೇಳಿದರು. ರೇಷ್ಮೆ ನೂಲಿನ ಸಣ್ಣತನವನ್ನು ಡೆನಿಯರಿನಲ್ಲಿ ಹೇಳುತ್ತಾರೆ: ಒಂಬತ್ತು ಸಾವಿರ ಮೀಟರು ನೂಲು ಎಷ್ಟು ಗ್ರಾಮು ತೂಗುವುದೋ ಅಷ್ಟು ಡೆನಿಯರು. "ನೂಲಿನ ಚೀಟಿಯಲ್ಲಿ ಇಪ್ಪತ್ತೊಂದು ಅಂತ ಬರೆಯೋದಿಲ್ಲ ಕಣೋ. ಇಪ್ಪತ್ತು-ಇಪ್ಪತ್ತೆರಡು ಅಂತ ಬರೀತಾರೆ. ಹುಳ ಬಿಟ್ಟ ಎಳೆ ಒಂದೇ ಸಮ ಇರುತ್ತಾ?" ಎಂದರು. ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕದಲ್ಲಿಯೂ ನಾನು ಓದಿಲ್ಲ. ಕೊಚ್ಚಿಯ ಅಂಕಿ ೨೬೦ ಎಂಬುದು ಒಂದು ಗೆರೆಯಲ್ಲ, ಒಂದು ಹರವಿನ ನಡು. ಆ ಹರವಿನ ಮಾನಕ ವಿಚಲನೆ ಸುಮಾರು ೧೮; ಎಂದರೆ ನೂರರಲ್ಲಿ ತೊಂಬತ್ತೈದು ಮಂದಿ ಆರೋಗ್ಯವಂತರು ಸ್ಥೂಲವಾಗಿ ೨೨೪ರಿಂದ ೨೯೬ರ ನಡುವೆ ಇರುತ್ತಾರೆ.

ಆ ಹರವೂ ಎಲ್ಲರಿಗೂ ಒಂದಲ್ಲ. ಗಂಡಸರ ನಡುಮನೆ ಹೆಂಗಸರದ್ದಕ್ಕಿಂತ ಸರಾಸರಿಯಲ್ಲಿ ಕೊಂಚ ದಪ್ಪವೆಂದು ಅನೇಕ ದೇಶಗಳ ಅಳತೆಗಳಲ್ಲಿ ಕಂಡಿದೆ. ಸಕ್ಕರೆ ಖಾಯಿಲೆಯ ಊತಕ್ಕೆ ಚಿಕಿತ್ಸೆ ಪರೀಕ್ಷಿಸಿದ ಅಮೆರಿಕದ ವೈದ್ಯರ ಒಕ್ಕೂಟ ಆದ್ದರಿಂದಲೇ ಗಂಡಸರಿಗೊಂದು, ಹೆಂಗಸರಿಗೊಂದು, ಯಂತ್ರಕ್ಕೊಂದು ಗಡಿ ಹಾಕಿಕೊಂಡಿತು: ಸಿರಸ್ ಯಂತ್ರದಲ್ಲಿ ಗಂಡಸರಿಗೆ ೩೦೫, ಹೆಂಗಸರಿಗೆ ೨೯೦, ಸ್ಪೆಕ್ಟ್ರಾಲಿಸ್ ಯಂತ್ರದಲ್ಲಿ ೩೨೦, ೩೦೫. ನಮ್ಮ ತಂದೆಯವರನ್ನು ಅಳೆದದ್ದು ಸಿರಸ್‌ನಲ್ಲಿ. ಬಲಗಣ್ಣಿನ ೨೯೮ ಅವರಿಗೆ ಗಡಿಯ ಈಚೆಗಿದೆ; ನಮ್ಮ ತಾಯಿಯವರಿಗೆ ಅದೇ ಅಂಕಿ ಬಂದಿದ್ದರೆ ಗಡಿಯ ಆಚೆಗಾಗುತ್ತಿತ್ತು! ಡಾಕ್ಟರಮ್ಮ ಆ ಕಣ್ಣಿಗೆ ಔಷಧ ಬೇಡ, ಎರಡು ತಿಂಗಳು ಬಿಟ್ಟು ನೋಡೋಣವೆಂದರು. ಅಂಕಿಯೊಂದನ್ನೇ ನೋಡಿ ಅವರು ಹಾಗೆ ಹೇಳಲಿಲ್ಲ. ಚಿತ್ರದಲ್ಲಿ ನೀರಿನ ಕಪ್ಪು ಗುಳ್ಳೆಗಳಿಲ್ಲ, ಗುಳಿ ಗುಳಿಯಾಗಿಯೇ ಇದೆ ಎಂಬುದನ್ನು ಬೆರಳಿಟ್ಟು ತೋರಿಸಿದರು.

ನನ್ನ ಕಣ್ಣನ್ನೂ ಅಳೆದರು. ನನಗೆ ಹೈಸ್ಕೂಲಿನಿಂದ ಮೈನಸ್ ಐದರ ಕನ್ನಡಕ. "ನೀವೂ ಒಂದು ಸಲ ಕೂತುಕೊಳ್ಳಿ" ಎಂದರು, ಕೂತೆ. ಗಲ್ಲ ಒಂದು ಬಟ್ಟಲಿನ ಮೇಲೆ, ಹಣೆ ಒಂದು ಪಟ್ಟಿಗೆ. ಕತ್ತಲಲ್ಲಿ ಒಂದು ಗುರುತು. ಅದನ್ನೇ ದಿಟ್ಟಿಸಬೇಕು, ಎವೆಯಿಕ್ಕಬಾರದು. ಮಂಕಾದ ಕೆಂಪು ಗೆರೆಯೊಂದು ಮೇಲಿನಿಂದ ಕೆಳಕ್ಕೆ ಹಾದುಹೋಯಿತು. ಅಷ್ಟೇ. ಪರದೆಯ ಮೇಲೆ ನನ್ನದೇ ಅಕ್ಷಿಪಟದ ಸೀಳು ಕಾಣಿಸಿತು: ಎರಡು ಇಳಿಜಾರು, ನಡುವೆ ಒಂದು ನಯವಾದ ತಗ್ಗು, ಬೆಟ್ಟದ ತಪ್ಪಲಿನ ಹೊಲದ ಹಾಗೆ ಪದರ ಪದರ. ನಡುಮನೆ ೨೪೨, ಹಸಿರು. ಆದರೆ ಹೊರಗಿನ ಬಳೆಯ ಒಂದು ಮನೆಯಲ್ಲಿ ಹಳದಿ ಬಣ್ಣ! ತಂದೆಯವರ ಕೆಂಪಿಗಿಂತ ನನ್ನ ಹಳದಿ ಆ ಗಳಿಗೆಯಲ್ಲಿ ನನಗೆ ದೊಡ್ಡದಾಗಿ ಕಂಡಿತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಡಾಕ್ಟರಮ್ಮ ನಕ್ಕು ಎರಡು ಮಾತು ಹೇಳಿದರು. ಮೊದಲನೆಯದು: ದೂರ ಕಾಣದ ಕಣ್ಣು ಸಾಮಾನ್ಯವಾಗಿ ಉದ್ದವಾದ ಕಣ್ಣು. ಅಷ್ಟೇ ಕಣಕವನ್ನು ಇನ್ನೂ ಅಗಲವಾಗಿ ಲಟ್ಟಿಸಿದರೆ ಹೋಳಿಗೆಯ ಅಂಚು ತೆಳುವಾಗುವಂತೆ, ಉದ್ದವಾದ ಕಣ್ಣಿನಲ್ಲಿ ಅಕ್ಷಿಪಟ ಹೊರಬಳೆಯ ಕಡೆ ತೆಳುವಾಗುತ್ತದೆ. ರೋಗವಲ್ಲ. ಎರಡನೆಯದು: ಹಳದಿ ಎಂದರೆ ರೋಗವೆಂದಲ್ಲ, ನೂರು ಮಂದಿ ಆರೋಗ್ಯವಂತರಲ್ಲಿ ನನ್ನಷ್ಟು ತೆಳುವಾದವರು ಐದಕ್ಕಿಂತ ಕಡಮೆಯೆಂದು ಮಾತ್ರ. ಎಂದರೆ ಆರೋಗ್ಯವಂತರನ್ನೇ ನೂರು ಮಂದಿ ಕರೆತಂದು ಕೂರಿಸಿದರೂ ಒಂದೊಂದು ಮನೆಯಲ್ಲಿಯೂ ಕೆಲವರಿಗೆ ಹಳದಿ ಬಂದೇ ಬರುತ್ತದೆ; ಲೆಕ್ಕವನ್ನು ಹಾಗೆಯೇ ಕಟ್ಟಿದೆ.

"ಯಾವ ನೂರು ಮಂದಿ?" ಎಂದು ಕೇಳಿದೆ. ಈ ಸಲ ಪ್ರಶ್ನೆ ನನಗೇ ಹೊಳೆಯಿತು.

ಯಂತ್ರದ ಹೊಟ್ಟೆಯಲ್ಲಿರುವ ಆರೋಗ್ಯವಂತರ ಪಟ್ಟಿ ಅಮೆರಿಕದಲ್ಲಿ ಮಾರಲು ಅನುಮತಿ ಬೇಡಿ ಕಟ್ಟಿದ್ದು. ಸಿರಸ್ ಯಂತ್ರದ ಪಟ್ಟಿಯಲ್ಲಿ ಮುನ್ನೂರಕ್ಕೆ ಸ್ವಲ್ಪ ಕಡಮೆ ಮಂದಿಯಿದ್ದಾರೆ. ನೂರಕ್ಕೆ ೪೩ರಷ್ಟು ಯೂರೋಪು ಮೂಲದವರು; ಪೂರ್ವ ಏಷ್ಯದವರೇ ಮೊದಲಾದ ಏಷ್ಯದವರು, ಆಫ್ರಿಕ ಮೂಲದವರು, ಸ್ಪ್ಯಾನಿಷ್ ಮೂಲದವರು ಉಳಿದವರಲ್ಲಿ ಹೆಚ್ಚಿನವರು. ಭಾರತೀಯರೆಂದು ಬೇರೆಯಾಗಿ ಎಣಿಸಿದವರು ನೂರಕ್ಕೆ ಒಬ್ಬರು. ಲೆಕ್ಕ ಹಾಕಿದರೆ ಸುಮಾರು ಮೂವರು. ಒಂದು ಆಟೋರಿಕ್ಷಾದಲ್ಲಿ ಕೂರುವಷ್ಟು ಜನ! ಮೈಸೂರಿನ ಮಗ್ಗದವರ ಕಣ್ಣಿಗೆ ಹಸಿರು, ಹಳದಿ, ಕೆಂಪು ಹಚ್ಚುವುದು ಅಂಥ ಪಟ್ಟಿ. ಅದು ಮೋಸವೆಂದು ನಾನು ಹೇಳುತ್ತಿಲ್ಲ. ೪೧೨ ಯಾವ ದೇಶದ ಪಟ್ಟಿಯಲ್ಲಿಯೂ ಊತವೇ. ಸಂದೇಹ ಹುಟ್ಟುವುದು ಅಂಚಿನಲ್ಲಿರುವವರ ವಿಷಯದಲ್ಲಿ. ಇಲ್ಲದ ರೋಗವನ್ನು ಇದೆಯೆಂದು ಹೇಳಿ ಒಬ್ಬ ಕೂಲಿಯವನನ್ನು ವರ್ಷಕ್ಕೆ ನಾಲ್ಕು ಸಲ ಕೆಲಸ ಬಿಡಿಸಿ ಬರಮಾಡಿಕೊಳ್ಳುವುದೂ ಅನ್ಯಾಯ. ಇರುವುದನ್ನು ಇಲ್ಲವೆಂದು ಕಳುಹಿಸುವುದು ಇನ್ನೂ ದೊಡ್ಡ ಅನ್ಯಾಯ. ದೆಹಲಿ ಮತ್ತು ಕೊಚ್ಚಿಯವರ ಕೆಲಸದ ಬೆಲೆ ನನಗೆ ಅರ್ಥವಾದದ್ದು ಇಲ್ಲಿ. ರೋಗವಿಲ್ಲದ ಜನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬಂದು ಗಲ್ಲವಿಟ್ಟು ಕೂತಿದ್ದಾರೆ. ಅವರಿಗೆ ಅದರಿಂದ ಲಾಭವೇನೂ ಇರಲಿಲ್ಲ. ಅಳತೆ ನಡೆಸಿದವರೂ, ಯಂತ್ರದ ಪ್ರತಿಯೊಂದು ಗೆರೆಯೂ ಪದರದ ಮೇಲೆಯೇ ಕೂತಿದೆಯೇ, ಎವೆಯಿಕ್ಕಿದಾಗ ಚಿತ್ರ ಹರಿದಿದೆಯೇ, ನೋಟ ಸರಿದು ನಡುಮನೆ ಗುಳಿಯ ಪಕ್ಕಕ್ಕೆ ಬಿದ್ದಿದೆಯೇ ಎಂದು ನೋಡಬೇಕಾದ ಬೇಸರದ ಕೆಲಸ ಅದು. ಸ್ವಲ್ಪ ಪಕ್ಕಕ್ಕೆ ಬಿದ್ದರೂ ಗುಳಿಯ ದಂಡೆ ಸೇರಿಕೊಂಡು ಆರೋಗ್ಯವಂತನೂ ದಪ್ಪನಾಗಿಬಿಡುತ್ತಾನೆ.

ನಮ್ಮ ತಂದೆಯವರ ಎಡಗಣ್ಣಿಗೆ ತಿಂಗಳಿಗೊಂದರಂತೆ ಮೂರು ಸಲ ಚುಚ್ಚುಮದ್ದು ಕೊಟ್ಟರು. ನಾಳಗಳ ಜಿನುಗು ನಿಲ್ಲಿಸುವ ಔಷಧ. ಕಣ್ಣಿನೊಳಕ್ಕೆ ಸೂಜಿಯೆಂದು ಕೇಳಿ ಮೊದಲ ದಿನ ಅವರು ಆಸ್ಪತ್ರೆಯ ಮೆಟ್ಟಿಲಿನಿಂದ ಹಿಂದಿರುಗಿದ್ದರು. "ಮಗ್ಗದ ಲಾಳಿ ಬಡಿದದ್ದಕ್ಕಿಂತ ಹೆಚ್ಚು ನೋಯುವುದಿಲ್ಲ" ಎಂದು ಅಲ್ಲಿ ಕಾಯುತ್ತಿದ್ದ ಇನ್ನೊಬ್ಬ ನೇಯ್ಗೆಯವರು ಹೇಳಿದ ಮೇಲೆ ಒಳಕ್ಕೆ ಹೋದರು. ಮೊದಲ ಚುಚ್ಚುಮದ್ದಿನ ಮೇಲೆ ೩೫೬, ಎರಡನೆಯದರ ಮೇಲೆ ೩೨೧, ಮೂರನೆಯದರ ಮೇಲೆ ೨೯೪. ಫಲಕದ ಮೇಲಿನ ಅಕ್ಷರಗಳಲ್ಲಿ ಎರಡು ಸಾಲು ಹೆಚ್ಚು ಓದಿದರು. ಅಂಕಿ ಇಳಿದಷ್ಟೂ ದೃಷ್ಟಿ ಏರುತ್ತದೆಯೆಂದು ನಾನು ಮನಸ್ಸಿನಲ್ಲಿಯೇ ಒಂದು ಸಮೀಕರಣ ಕಟ್ಟಿಕೊಂಡಿದ್ದೆ. ಡಾಕ್ಟರಮ್ಮ ಅದನ್ನು ಒಪ್ಪಲಿಲ್ಲ. ನೀರು ಇಂಗಿದರೂ ಬಹುಕಾಲ ನೀರಿನಲ್ಲಿದ್ದ ಕಣಗಳು ಎಲ್ಲವೂ ಮೊದಲಿನಂತಾಗುವುದಿಲ್ಲ. ದಪ್ಪ ಸರಿಹೋಗಿಯೂ ನೋಟ ಸರಿಹೋಗದ ಕಣ್ಣುಗಳುಂಟು ಎಂದರು. ಕನ್ನಡಕದ ಅಂಗಡಿಯಲ್ಲಿ ಕಳೆದ ವಾರಗಳನ್ನು ನಾನು ಆಗ ಲೆಕ್ಕ ಹಾಕಿದೆ.

ಕೊನೆಯ ಸಲ ಹೋದಾಗ ನಮ್ಮ ತಂದೆಯವರು, ಮಗನ ಕಣ್ಣಿನ ಚಿತ್ರವನ್ನೂ ತಮ್ಮದನ್ನೂ ಒಟ್ಟಿಗೆ ತೋರಿಸಬೇಕೆಂದು ಕೇಳಿದರು. ಪರದೆಯ ಮೇಲೆ ಮೇಲೊಂದು ಕೆಳಗೊಂದು ಹಾಕಿದರು. ಮುಖವನ್ನು ಹತ್ತಿರಕ್ಕೆ ತಂದು, ಸೀರೆಯ ಅಂಚನ್ನು ಪರೀಕ್ಷಿಸುವಂತೆ ಎರಡನ್ನೂ ಎಡದಿಂದ ಬಲಕ್ಕೆ ನೋಡಿದರು. ದಿಬ್ಬವಿದ್ದ ಕಡೆ ಈಗ ಗುಳಿಯಿತ್ತು, ನನ್ನದರಷ್ಟು ನಯವಾಗಿರಲಿಲ್ಲ. ತಳದ ಹೊಳೆಯುವ ಸಾಲು ಒಂದು ಕಡೆ ತುಂಡಾಗಿತ್ತು. ಆ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಒಂದು ಎಳೆ ಹೋಗಿದೆ" ಎಂದರು. ಡಾಕ್ಟರಮ್ಮ ಹೌದೆಂದರು.

ಮನೆಗೆ ಬಂದ ಮೇಲೆ ಅವರು ಮತ್ತೆ ಕಿಟಕಿಯ ಮುಂದೆ ನಿಂತು ಬಲಗಣ್ಣು ಮುಚ್ಚಿಕೊಂಡರು. ಸರಳು ಈಗ ಒಂದೇ ಕಡೆ ಬಗ್ಗಿದೆಯಂತೆ. ಯುಗಾದಿ ಕಳೆದ ಮೇಲೆ ಮತ್ತೆ ಅಳೆಯಲು ಬರಹೇಳಿದ್ದಾರೆ.